ಇಂಜಿನಿಯರ್ ಅಳಿಯನ ಅಳತೆ

ದೇಶನೂರಿನಲ್ಲಿ ಹುಲುಗೇಶನನ್ನು ಹುಲುಗೇಶ ಎಂದು ಕರೆಯುವವರೇ ಇರಲಿಲ್ಲ. ಅದು ಅವನ ಹೆಂಡತಿಯ ಊರು. ಅವನು ಬಸ್ಸಿನಿಂದ ಒಂದು ಕಾಲು ಕೆಳಗಿಟ್ಟರೆ ಸಾಕು, ಚಾದಂಗಡಿಯಿಂದ ಹಿಟ್ಟಿನ ಗಿರಣಿಯವರೆಗೆ "ವಿರೂಪಮ್ಮನ ಇಂಜಿನಿಯರ್ ಅಳಿಯಂದ್ರು ಬಂದ್ರು" ಎಂಬ ಸುದ್ದಿ ಅವನಿಗಿಂತ ಮುಂದೆ ಓಡಿ ಅತ್ತೆಯ ಮನೆ ಸೇರುತ್ತಿತ್ತು. ಅವನು ಹೋಗಿ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಕುರ್ಚಿ ಹಾಕಿ, ಅದರ ಮೇಲಿನ ದೂಳು ಒರೆಸಿ ಆಗಿರುತ್ತಿತ್ತು.

ಹುಲುಗೇಶ ಇಂಜಿನಿಯರ್ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಳ್ಳಾರಿಯ ಗಾಂಧಿನಗರದಲ್ಲಿ ನೇತ್ರಾ ಮೇಡಂ ಎಂಬ ನಿಜವಾದ ಇಂಜಿನಿಯರ್ ಇದ್ದಾರೆ. ಅವರ ಆಫೀಸಿನ ಮೂಲೆಯಲ್ಲಿ ಫ್ಯಾನಿನ ಗಾಳಿ ತಲುಪದ ಕಡೆ ಒಂದು ಕಂಪ್ಯೂಟರ್ ಇದೆ. ಅದರ ಮುಂದೆ ಕೂತು, ಮೇಡಂ ಹೇಳಿದಂತೆ ಊರವರ ಮನೆಗಳಿಗೆಲ್ಲ ಗೆರೆ ಎಳೆಯುವ ಡ್ರಾಫ್ಟ್ಸ್‌ಮನ್ ಇವನು. ಐಟಿಐ ಮುಗಿಸಿ ಕೂತ ಕುರ್ಚಿ ಅದೇ. ಅದರ ಸ್ಪಂಜು ಈಗ ಅವನ ಆಕಾರಕ್ಕೆ ತಗ್ಗಾಗಿದೆ. ಎಷ್ಟೋ ಜನರ ಬೆಡ್‌ರೂಮು, ಅಡುಗೆಮನೆ, ದೇವರಮನೆ ಬರೆದು ಬರೆದು, ಸಂಜೆ ತನ್ನ ಬಾಡಿಗೆ ಮನೆಗೆ ಹೋದರೆ ಗೋಡೆ ನೋಡಲಿಕ್ಕೂ ಬೇಸರ.

ಮದುವೆಯಲ್ಲಿ ಅತ್ತೆ ವಿರೂಪಮ್ಮ ಬಂದವರಿಗೆಲ್ಲ "ನಮ್ಮ ಅಳಿಯಂದ್ರು ಇಂಜಿನಿಯರ್" ಎಂದು ಪರಿಚಯಿಸಿದಾಗ ತಿದ್ದಬೇಕೆಂದು ಅವನಿಗೆ ಅನ್ನಿಸಿದ್ದೇನೋ ನಿಜ. ಪಾಪ, ಭತ್ತದ ಗದ್ದೆಯಲ್ಲಿ ಜೀವ ಸವೆಸಿದ ಹೆಂಗಸು, ಡ್ರಾಫ್ಟ್ಸ್‌ಮನ್ ಎಂದರೆ ಅವಳಿಗೇನು ಗೊತ್ತು ಎಂದುಕೊಂಡ. ತಾನು ಇಂಜಿನಿಯರಿಗಿಂತ ಎಷ್ಟು ಕಡಿಮೆ ಎಂದು ತಾನೇ ಬಿಡಿಸಿ ಹೇಳುವುದು ಬಹಳ ದಣಿವಿನ ಕೆಲಸ. ನಾಳೆ ಹೇಳಿದರಾಯಿತು ಎಂದು ಬಿಟ್ಟ. ಆ ನಾಳೆಗೆ ಈಗ ಮೀಸೆ ನರೆತಿತ್ತು.

ಹೀಗಿರುವಾಗ ವಿರೂಪಮ್ಮನ ಮೊಣಕಾಲು ಕೈಕೊಟ್ಟವು. ಹಿತ್ತಲಿನ ಆ ತುದಿಯಲ್ಲಿದ್ದ ಸಂಡಾಸಿಗೆ ಗೋಡೆ ಹಿಡಿದು ಹೋಗುತ್ತಿದ್ದಳು. ಹೋಗುವುದು ಹೇಗೋ ಆಗುತ್ತಿತ್ತು, ಕೂತರೆ ಏಳುವುದಾಗುತ್ತಿರಲಿಲ್ಲ. ಒಂದು ಸಲ ಹಾಗೇ ಕೂತುಬಿಟ್ಟು ಕೂಗಿದಾಗ, ಮಗ ದುರುಗಣ್ಣ ಗದ್ದೆಗೆ ಹೋಗಿದ್ದರಿಂದ ಪಕ್ಕದ ಮನೆಯ ಗುರುಬಸಮ್ಮ ಬಂದು ಎಬ್ಬಿಸಬೇಕಾಯಿತು. ವಿರೂಪಮ್ಮನಿಗೆ ಮೊಣಕಾಲಿಗಿಂತ ಇದು ಹೆಚ್ಚು ನೋಯಿತು. ಅವತ್ತೇ ಮಗಳಿಗೆ ಫೋನು ಬಂತು.

"ಜ್ಯೋತಿ, ಮನಿ ಒಳಗ ಒಂದು ಕುರ್ಚಿ ಸಂಡಾಸ ಆಗಬೇಕು ನೋಡವ್ವ. ಹಂಗ ಒಂದು ಅಡಿಗಿ ಮನಿ, ಒಂದು ರೂಮು. ಅಳಿಯಂದ್ರಿಗೆ ನಕ್ಷಿ ಬರಿಯಾಕ ಹೇಳು. ಮನ್ಯಾಗ ಇಂಜಿನಿಯರ್ ಇಟಗೊಂಡು ಹೊರಗಿನವರಿಗೆ ಹೇಳೂದೇನು?"

ಜ್ಯೋತಿ ಗಂಡನ ಕಡೆ ನೋಡಿದಳು. ಹುಲುಗೇಶ ಗೋಡೆಯ ಕಡೆ ನೋಡಿದ.

ಆ ಜಾಗದ ಹಳೆಯ ನಕ್ಷೆಯೊಂದಿತ್ತು. ಹಿಂದೆ ಯಾವಾಗಲೋ ಅಣ್ಣತಮ್ಮಂದಿರ ಪಾಲಾದಾಗ ಬಲ್ಲವರು ಬರೆದದ್ದು. ಗೆರೆಗಳು ನೆಟ್ಟಗಿದ್ದವು, ಬಾಗಿಲು ಬೇವಿನಮರ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅಂಕಿಗಳನ್ನು ಮಾತ್ರ ಕಾಗದದ ಅಂಚಿನಲ್ಲಿ ಬರೆದಿದ್ದರು, ಅಂಚನ್ನು ಗೆದ್ದಲು ತಿಂದಿತ್ತು. ದುರುಗಣ್ಣ ಅದರ ಫೋಟೋ ತೆಗೆದು ಕಳಿಸಿ, "ಮಾವ, ನೀವು ಒಮ್ಮಿ ಬಂದು ಟೇಪ್ ಹಿಡಿದು ಹೋಗ್ರಿ" ಎಂದ.

ಬೇಸಿಗೆಯ ಬಿಸಿಲಲ್ಲಿ ಸಿರುಗುಪ್ಪದ ಬಸ್ಸು ನೆನೆಸಿಕೊಂಡೇ ಹುಲುಗೇಶನಿಗೆ ಬೆವರಿತು. ಅಲ್ಲಿಂದ ಮತ್ತೆ ಇನ್ನೊಂದು ಬಸ್ಸು. ಅವನು ಗಂಟಲು ಸರಿಮಾಡಿಕೊಂಡು ಇಂಜಿನಿಯರ್ ದನಿಯಲ್ಲಿ ಹೇಳಿದ: "ಬರೂದು ಯಾಕ? ಈಗೆಲ್ಲ ಕಂಪ್ಯೂಟರ್ ಐತಿ. ಯಾವುದಾರ ಒಂದು ಗೆರಿದು ಖರೇ ಅಳತಿ ಹೇಳ್ರಿ, ಉಳಿದಿದ್ದೆಲ್ಲ ಅದ ಹೇಳತೈತಿ. ಕೂದಲೆಳಿಯಷ್ಟೂ ತಪ್ಪಂಗಿಲ್ಲ."

ಈ ಮಾತಿನಲ್ಲಿ ಸುಳ್ಳಿಲ್ಲ. ಫೋಟೋವನ್ನು ಕಂಪ್ಯೂಟರಿನಲ್ಲಿ ಹಾಸಿ, ಅದರ ಮೇಲೆ ಗೆರೆ ಎಳೆದು, ಯಾವುದಾದರೂ ಒಂದು ಗೆರೆಯನ್ನು ತೋರಿಸಿ "ಇದು ನಿಜವಾಗಿ ಇಷ್ಟು" ಎಂದು ಟೈಪ್ ಮಾಡಿದರೆ, ಇಡೀ ಚಿತ್ರ ಅದೇ ಲೆಕ್ಕದಲ್ಲಿ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಆ ಒಂದು ಗೆರೆಗೆ ರೆಫರೆನ್ಸ್ ಎನ್ನುತ್ತಾರೆ. ಈ ವಿಷಯದಲ್ಲಿ ನೇತ್ರಾ ಮೇಡಂ ಅವರದು ಒಂದೇ ಮಂತ್ರ: "ಹುಲುಗೇಶ್, ಯಾವಾಗಲೂ ಉದ್ದನೆ ಗೆರೆ ಹಿಡೀರಿ. ಸಣ್ಣದರಲ್ಲಿ ತಪ್ಪಿದ್ರೆ ದೊಡ್ಡದರಲ್ಲಿ ದೊಡ್ಡದಾಗಿ ತಪ್ಪುತ್ತೆ." ದಿನಾ ಕೇಳಿದ ಮಾತು ದೇವರಮನೆಯ ಗಂಟೆಯ ಹಾಗೆ, ಕಿವಿಗೆ ಬೀಳುವುದೇ ಇಲ್ಲ. ಉದ್ದನೆಯ ಗೆರೆ ಬೇಕೆಂದರೆ ಜಾಗದ ಈ ತುದಿಯಿಂದ ಆ ತುದಿಗೆ ಇಬ್ಬರು ಟೇಪ್ ಹಿಡಿಯಬೇಕು. ತಲೆಬಾಗಿಲಾದರೆ ಒಬ್ಬನೇ ಅಳೆಯಬಹುದು. ಹುಲುಗೇಶ ತಲೆಬಾಗಿಲನ್ನು ಹಿಡಿದ.

ಕೆಲಸ ಒಪ್ಪಿಕೊಂಡಿದ್ದ ಮೇಸ್ತ್ರಿಯ ಹೆಸರು ಎರ್ರಿ. ಗಡಿಯ ಆಚೆಯಿಂದ ಬಂದವನು. ಅವನ ಕನ್ನಡದಲ್ಲಿ ಮುಕ್ಕಾಲು ಪಾಲು ತೆಲುಗು. ಹುಲುಗೇಶ ಫೋನು ಮಾಡಿದಾಗ ಅವನ ಹಿಂದೆ ಯಾವುದೋ ಮಷೀನು ಗರಗರ ಎನ್ನುತ್ತಿತ್ತು.

"ಎರ್ರಿ, ತಲಬಾಗಿಲ ಅಗಲ ಎಷ್ಟೈತಿ?"

"ಎರಡು ಮೂರು ಸಾರ್!"

"ಎರಡೋ, ಮೂರೋ?"

"ಅದೇ ಸಾರ್, ಎರಡು ಮೂರು! ಕರೆಕ್ಟಾಗಿ!"

"ಲೇ, ಎರಡು ಮೂರು ಅಂದ್ರ ಕರೆಕ್ಟ್ ಹೆಂಗಾಗತೈತಿ?"

"ನನ್ನ ಕೈಲಿ ನಾನೇ ನೋಡೀನಿ ಸಾರ್! ಎರಡು ಮೂರು!" ಎಂದು ಎರ್ರಿ ಮಷೀನಿಗಿಂತ ಜೋರಾಗಿ ಅರಚಿ, ಫೋನು ಇಟ್ಟುಬಿಟ್ಟ.

ಹುಲುಗೇಶ ಸ್ವಲ್ಪ ಹೊತ್ತು ಯೋಚಿಸಿದ. ಎರಡು ಅಡಿಯೂ ಇರಬಹುದು, ಮೂರೂ ಇರಬಹುದು ಎನ್ನುತ್ತಿದ್ದಾನೆ. ಮತ್ತೆ ಫೋನು ಮಾಡಿದರೆ ಮತ್ತೆ ಅರಚುತ್ತಾನೆ. ಎರಡಕ್ಕೂ ಮೂರಕ್ಕೂ ಅನ್ಯಾಯವಾಗದಂತೆ ನ್ಯಾಯಾಧೀಶನ ಗಾಂಭೀರ್ಯದಿಂದ ಎರಡೂವರೆ ಅಡಿ ಎಂದು ಟೈಪ್ ಮಾಡಿದ. ಪರದೆಯ ಮೇಲೆ ವಿರೂಪಮ್ಮನ ಜಾಗ ಒಮ್ಮೆ ಮಿಂಚಿ, ಹೇಳಿದಷ್ಟಕ್ಕೆ ಬಂದು ನಿಂತಿತು. ಬೇವಿನಮರದಿಂದ ಗುರುಬಸಮ್ಮನ ಗೋಡೆಯವರೆಗೆ ಹತ್ತು ಬಾಗಿಲಿನಷ್ಟು ಅಗಲ. ಇಪ್ಪತ್ತೈದು ಅಡಿ.

ಆ ಅಂಗಳದಲ್ಲಿ ಅವನು ಎಷ್ಟು ಸಲ ಕೂತಿಲ್ಲ! ಕಣ್ಣಿಗಾದರೂ ಗೊತ್ತಾಗಬೇಕಿತ್ತು ಎಂದು ನೀವು ಕೇಳಬಹುದು. ಇಂಜಿನಿಯರ್ ಅಳಿಯನನ್ನು ಆ ಮನೆಯಲ್ಲಿ ಕುರ್ಚಿ ಬಿಟ್ಟು ಏಳಗೊಟ್ಟಿದ್ದರೆ ತಾನೆ ಗೊತ್ತಾಗುವುದು?

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ರೂಮು ಹಿಡಿಸಿದರೆ ಅಡುಗೆಮನೆ ಹಿಡಿಸದು, ಅಡುಗೆಮನೆ ಹಿಡಿಸಿದರೆ ಸಂಡಾಸಿಗೆ ಜಾಗವಿಲ್ಲ. ಕೊನೆಗೆ ಗುರುಬಸಮ್ಮನ ಗೋಡೆಯ ಕಡೆ ಒಂದು ಸಂದಿ ಉಳಿಯಿತು. ಅಲ್ಲಿ ಕಮೋಡಿನ ಚಿತ್ರ ಇಟ್ಟರೆ ಅದರ ಮೂಗು ಬಾಗಿಲಿನಾಚೆ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಕಮೋಡು, ಮಂಚ, ಮೇಜು ಎಲ್ಲ ತಯಾರಾಗಿ ಸಿಗುತ್ತವೆ, ಕಂಪನಿಯವರು ಮಾಡುವ ಅಳತೆಯಲ್ಲೇ ಇರುತ್ತವೆ. ಅವು ಹಿಡಿಸದಿದ್ದರೆ ಜಾಗದ ಅಳತೆ ತಪ್ಪಿದೆ ಎಂದು ಅರ್ಥ. ಹುಲುಗೇಶನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅವತ್ತು ಮೇಡಂ ಅವರದೇ ಮೂರು ಪ್ಲಾನುಗಳು ಮೇಜಿನ ಮೇಲೆ ಬಿದ್ದಿದ್ದವು, ಕುತ್ತಿಗೆ ಹಿಡಿದಿತ್ತು. ಕಮೋಡನ್ನು ಆರಿಸಿ, ಒಂದಿಷ್ಟು ಕುಗ್ಗಿಸಿದ. ಹಿಡಿಸಲಿಲ್ಲ. ಇನ್ನೊಂದಿಷ್ಟು ಕುಗ್ಗಿಸಿದ. ಹಿಡಿಸಿತು. ಅದಕ್ಕೊಂದೇ ಯಾಕೆ ಅನ್ಯಾಯವೆಂದು ಮಂಚವನ್ನೂ ಕುಗ್ಗಿಸಿದ. ವಿರೂಪಮ್ಮನನ್ನು ಕುಗ್ಗಿಸುವ ಸೌಕರ್ಯವೊಂದು ಕಂಪ್ಯೂಟರಿನಲ್ಲಿ ಇರಲಿಲ್ಲ.

ದುರುಗಣ್ಣ ಬಳ್ಳಾರಿಗೆ ಬಂದು ಪ್ರಿಂಟು ತೆಗೆದುಕೊಂಡು ಹೋದ. ದೊಡ್ಡ ಹಾಳೆ, ಬಣ್ಣದ ಗೆರೆ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ದೇಶನೂರಿನಲ್ಲಿ ಅದನ್ನು ನೋಡದವರಿಲ್ಲ. ಗುರುಬಸಮ್ಮ ಎರಡು ಸಲ ಬಂದು ನೋಡಿ ಹೋದಳಂತೆ. ಅವಳ ಅಳಿಯ ಶೇಖರ್ ಕುರುಗೋಡಿನ ಕಾಲೇಜೊಂದರಲ್ಲಿ ಇತಿಹಾಸದ ಲೆಕ್ಚರರ್. ಇತಿಹಾಸದಲ್ಲಿ ಬಣ್ಣದ ಪ್ರಿಂಟು ಬರುವುದಿಲ್ಲ. ವಿರೂಪಮ್ಮ ಆ ರಾತ್ರಿ ಮೊಣಕಾಲು ನೋವಿನಲ್ಲೂ ನಗುತ್ತಾ ಮಲಗಿದಳೆಂದು ಜ್ಯೋತಿ ಹೇಳಿದಳು.

ಮೊದಲ ಫೋನು ಸಿರುಗುಪ್ಪದಿಂದ ಬಂತು. ದುರುಗಣ್ಣ ಅವ್ವನನ್ನು ಕರೆದುಕೊಂಡು ಕಮೋಡು ಕೊಳ್ಳಲು ಹೋಗಿದ್ದ.

"ಮಾವ, ಅಂಗಡಿಯವರು ನಕ್ಷಿ ಮ್ಯಾಲೆ ಸ್ಕೇಲ್ ಇಟ್ಟು ನೋಡಿ ನಗಾಕ ಹತ್ಯಾರ. ಈ ಸೈಜಿಂದು ಅಂಗನವಾಡಿಗೆ ಅಷ್ಟ ಬರತೈತಂತ. ಒಳಗ ಒಂದು ಐತಿ, ಮ್ಯಾಲೆ ಆನಿ ಚಿತ್ರ ಐತಿ."

"ಆನಿ ಯಾಕೈತಿ?" ಎಂದ ಹುಲುಗೇಶ, ಬೇರೇನೂ ಹೊಳೆಯದೆ.

"ಮಕ್ಕಳು ಅಂಜಬಾರ್ದು ಅಂತ." ಆಮೇಲೆ ದುರುಗಣ್ಣ ದನಿ ತಗ್ಗಿಸಿದ. "ಅವ್ವ ದೊಡ್ಡದು ಬ್ಯಾಡ ಅಂತಾಳ. ಇಂಜಿನಿಯರ್ ಬರದದ್ದು ಸುಮ್ನ ಬರದಿರಂಗಿಲ್ಲ, ಏನರ ಕಾರಣ ಇರತೈತಿ ಅಂತಾಳ."

ಹಿಂದಿನಿಂದ ವಿರೂಪಮ್ಮನ ದನಿ ಕೇಳಿಸಿತು: "ಹೊಸ ಮಾದರಿ ಇರಬೇಕಲೇ, ತಗೊ!"

ಅತ್ತೆಗೆ ತನ್ನ ಮೇಲೆ ಇಷ್ಟು ನಂಬಿಕೆ ಇರಬಾರದಿತ್ತು ಎಂದು ಹುಲುಗೇಶನಿಗೆ ಅನ್ನಿಸಿತು. ಬಾಯಿ ತೆರೆದು ಹೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಸಂಜೆ ಮಾಡಿ ಹೇಳಿದರಾಯಿತು ಎಂದುಕೊಂಡ. ಸಂಜೆ ಅವನು ಮಾಡುವ ಮೊದಲೇ ಎರಡನೆಯ ಫೋನು ಬಂತು. ಈ ಸಲ ಸ್ವತಃ ವಿರೂಪಮ್ಮ.

"ಅಳಿಯಂದ್ರ, ಒಮ್ಮಿ ಬಂದು ಹೋಗ್ರಿ. ಗುರುಬಸಮ್ಮ ನನ್ನ ಸಂಡಾಸದಾಗ ಆಡು ಕಟ್ಯಾಳ."

ನಡೆದದ್ದಿಷ್ಟು. ಇವರು ಸಿರುಗುಪ್ಪಕ್ಕೆ ಹೋದ ಹೊತ್ತಿನಲ್ಲಿ ಎರ್ರಿ ನಕ್ಷೆ ಹಿಡಿದು, ಬೇವಿನಮರದಿಂದ ಶುರುಮಾಡಿ, ಸುಣ್ಣದ ಪುಡಿ ಹಾಕುತ್ತ ಹೋದ. ನಕ್ಷೆಯಲ್ಲಿದ್ದ ಇಪ್ಪತ್ತೈದು ಅಡಿ ಮುಗಿಯಿತು. ಗುರುಬಸಮ್ಮನ ಗೋಡೆ ಇನ್ನೂ ಐದು ಅಡಿ ದೂರದಲ್ಲಿತ್ತು. ಇಂಜಿನಿಯರ್ ಹೇಳಿದ ಮೇಲೆ ಮುಗಿಯಿತು ಎಂದು ಎರ್ರಿ ಅಲ್ಲೇ ಉದ್ದಕ್ಕೆ ಗೆರೆ ಎಳೆದು ಚಾ ಕುಡಿಯಲು ಹೋದ. ಗೋಡೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದ ಗುರುಬಸಮ್ಮ ಗೂಟ ತಂದು ಗೆರೆಗೂ ತನ್ನ ಗೋಡೆಗೂ ನಡುವೆ ಬಡಿದು ಆಡು ಕಟ್ಟಿದಳು. ಸಗಣಿಯ ಕುಳ್ಳನ್ನೂ ತಂದು ಒಟ್ಟಿದಳು. ಹೊಸದಾಗಿ ಸಿಕ್ಕ ಜಾಗವಲ್ಲವೆ, ಖಾಲಿ ಬಿಡಬಾರದು.

ಮರುದಿನ ಹುಲುಗೇಶ ರಜೆ ಕೇಳಿದಾಗ ನೇತ್ರಾ ಮೇಡಂ ಕನ್ನಡಕದ ಮೇಲಿಂದ ನೋಡಿ, "ಏನಾಯ್ತು?" ಎಂದರು.

"ಅತ್ತಿ ಮನಿಯಾಗ ಐದು ಫೂಟು ಹೆಚ್ಚಾಗೇತಿ ಮೇಡಂ."

ಮೇಡಂ ಮುಂದೆ ಕೇಳಲಿಲ್ಲ. ಬಹಳ ವರ್ಷಗಳಿಂದ ಅವನ ಜೊತೆ ಕೆಲಸ ಮಾಡಿದವರು.

ಗಂಡ ಹೆಂಡತಿ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದರು. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು. ದೇಶನೂರಿನಲ್ಲಿಳಿದಾಗ ಚಾದಂಗಡಿಯವರು "ಇಂಜಿನಿಯರ್ ಬಂದ್ರು" ಎಂದರು, ಆದರೆ ಈ ಸಲ ಸುದ್ದಿಯ ಹಿಂದೆ ಅವರೂ ಅಂಗಡಿ ಬಿಟ್ಟು ಎದ್ದು ಬಂದರು.

ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಕುರುಗೋಡಿನಿಂದ ಲೆಕ್ಚರರ್ ಶೇಖರ್ ಬಂದು, ಹುಲುಗೇಶನಿಗಾಗಿ ಇಟ್ಟ ಕುರ್ಚಿಯಲ್ಲಿ ಕೂತಿದ್ದ. ಪಂಚಾಯ್ತಿಯ ಬಿಲ್ ಕಲೆಕ್ಟರ್ ದುರ್ಗೇಶ್ ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಬೇವಿನಮರದ ಕೆಳಗೆ ಆನೆ ಚಿತ್ರದ ಪುಟ್ಟ ಕಮೋಡು ಇತ್ತು. ವಿರೂಪಮ್ಮ ಗೋಡೆಗೆ ಒರಗಿ, ಮೊಣಕಾಲು ಒತ್ತಿಕೊಳ್ಳುತ್ತಾ, ಅದನ್ನೇ ನೋಡುತ್ತಿದ್ದಳು.

"ಬರ್ರಿ ಇಂಜಿನಿಯರ್ ಸಾಹೇಬ್ರ!" ಎಂದು ಮೊದಲು ಸ್ವಾಗತಿಸಿದವಳು ಗುರುಬಸಮ್ಮ. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಈ ಮಾತು ಇಷ್ಟು ಸಿಹಿಯಾಗಿ ಬಂದಿರಲಿಲ್ಲ. "ನಾ ಏನೂ ಅಂದಿಲ್ರಿ. ನೀವ ಬರದೀರಿ, ನಾ ಒಪ್ಪೀನಿ. ನಿಮ್ಮ ಅತ್ತಿಗೆ ಒಂದು ಮಾತು ತಿಳಿಸಿ ಹೇಳ್ರಿ."

ಹುಲುಗೇಶ ಗೆರೆ ನೋಡಿದ, ಆಡು ನೋಡಿದ, ಬಾಗಿಲು ನೋಡಿದ. ಬಾಗಿಲು ಇದ್ದಕ್ಕಿದ್ದಂತೆ ಬಹಳ ಅಗಲವಾಗಿ ಕಂಡಿತು.

"ಎರ್ರಿ," ಎಂದ, "ಅವತ್ತು ಫೋನಿನ್ಯಾಗ ಬಾಗಿಲ ಎಷ್ಟಂದಿ?"

"ಎರಡು ಮೂರ ಅಂದೆ ಸಾರ್." ಎರ್ರಿ ಬಾಗಿಲಿಗೆ ಹೋಗಿ, ಮೊಣಕೈಯನ್ನು ಚೌಕಟ್ಟಿಗೆ ಒತ್ತಿ, ಬೆರಳ ತುದಿಯವರೆಗೆ ಒಂದು ಸಲ ಇಟ್ಟ, ಅಲ್ಲಿಂದ ಇನ್ನೊಂದು ಸಲ ಇಟ್ಟ. ಆ ಕಡೆಯ ಚೌಕಟ್ಟು ಬಂತು. "ನೋಡಿ, ಒಂದು ಮೂರ. ಎರಡು ಮೂರ."

ಮೂರ! ತೆಲುಗಿನವರ ಮೂರ ಎಂದರೆ ನಮ್ಮ ಮೊಳ. ಎರಡು ಮೊಳ, ಮೂರು ಅಡಿ. ಹುಲುಗೇಶನಿಗೆ ತೆಲುಗು ಬರುವುದಿಲ್ಲವೆಂದಲ್ಲ. ಆದರೆ ಅವನ ತೆಲುಗೆಲ್ಲ ಸಿನಿಮಾ ನೋಡಿ ಬಂದದ್ದು; ಅಲ್ಲಿ ಹೀರೋ ಬಾಗಿಲು ಒದೆಯುತ್ತಾನೆಯೇ ಹೊರತು ಅಳೆಯುವುದಿಲ್ಲ.

"ನಾ ಮೂರು ಅಂತ ಕೇಳಿಸಿಕೊಂಡೆ," ಎಂದ ಹುಲುಗೇಶ, ತನಗೇ ಹೇಳಿಕೊಳ್ಳುವಂತೆ. ಆಮೇಲೆ ಎಲ್ಲರ ಕಡೆ ತಿರುಗಿದ. "ನೋಡ್ರಿ, ಬಾಗಿಲ ಮೂರು ಫೂಟು ಐತಿ, ನಾ ಎರಡೂವರಿ ಹಾಕೀನಿ. ಹತ್ತು ಬಾಗಿಲ ಜಾಗ ಇದು. ಮೂವತ್ತು ಫೂಟು ಆಗಬೇಕು. ಗುರುಬಸಮ್ಮನೋರ ಗ್ವಾಡಿ ತನಕ ಬರತೈತಿ. ತಪ್ಪು ನಂದು."

"ಈಗ ಅತ್ತಿ ಮುಖ ನೋಡಿ ಮಾತು ತಿರಗಸ್ತೀರಲ್ರಿ!" ಎಂದಳು ಗುರುಬಸಮ್ಮ. "ಕೂದಲೆಳಿಯಷ್ಟೂ ತಪ್ಪಂಗಿಲ್ಲ ಅಂದವರು ಯಾರು? ದುರುಗಣ್ಣ ಊರ ತುಂಬ ಹೇಳ್ಯಾನ."

ದುರುಗಣ್ಣ ಆಡಿನ ಕಡೆ ನೋಡಿದ.

ಶೇಖರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಇತಿಹಾಸದಲ್ಲಿ ನಾವು ಒಂದು ಮಾತು ಹೇಳ್ತೀವಿ. ಆಮೇಲೆ ಹೇಳಿದ್ದಕ್ಕಿಂತ ಮೊದಲು ಬರೆದದ್ದಕ್ಕೆ ಬೆಲೆ ಹೆಚ್ಚು." ಹೇಳಿ ಹಿಂದಕ್ಕೆ ಒರಗಿದ. ಜನ ಹೌದೌದೆಂದರು, ಕುರುಗೋಡಿನಿಂದ ಬಂದ ಮಾತು, ಸುಮ್ಮನೆ ತಳ್ಳಿಹಾಕುವ ಹಾಗಿರಲಿಲ್ಲ.

ದುರ್ಗೇಶ್ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ. "ಸಾರ್, ನಂದೇನಿಲ್ಲ. ನಂದು ನೀರಿನ ಬಿಲ್ಲು, ಮನಿ ಕಂದಾಯ. ಆದ್ರ ಒಂದು ಮಾತು. ಹಳೇ ನಕ್ಷ್ಯಾಗ ಅಂಕಿ ಇಲ್ಲ, ಇದರಾಗ ಅದಾವು. ಇಂಜಿನಿಯರ್ ಬರದಿದ್ರ ಇದು ಲೆಕ್ಕ. ಇಂಜಿನಿಯರ್ ಅಲ್ಲದವರು ಬರದಿದ್ರ ಇದು ಬರೇ ಹಾಳಿ, ಮಿರ್ಚಿ ಕಟ್ಟಾಕ ಬರತೈತಿ. ಯಾವುದಂತ ನೀವ ಹೇಳ್ರಿ."

ಎಲ್ಲರೂ ಹುಲುಗೇಶನನ್ನು ನೋಡಿದರು.

ದಣಿದ ಮನುಷ್ಯನಿಗೆ ದೇವರು ಹೀಗೆ ಕವಲುದಾರಿ ತೋರಿಸಬಾರದು. ತಾನು ಇಂಜಿನಿಯರ್ ಎಂದರೆ ಐದು ಅಡಿ ಹೋಯಿತು, ಅತ್ತೆಯ ಕುರ್ಚಿ ಸಂಡಾಸ ಹೋಯಿತು, ಅವಳು ಮತ್ತೆ ಗೋಡೆ ಹಿಡಿದು ಹಿತ್ತಲಿಗೆ ಹೋಗಬೇಕು. ಅಲ್ಲ ಎಂದರೆ ಇಷ್ಟು ವರ್ಷ ಅವಳು ಓಣಿಯಲ್ಲಿ ತಲೆಯೆತ್ತಿ ಆಡಿದ ಮಾತು ಗುರುಬಸಮ್ಮನ ಮುಂದೆಯೇ ಮಣ್ಣುಪಾಲಾಗುತ್ತದೆ. ಮಗಳನ್ನು ಕೊಟ್ಟವಳ ಮಾನ. ಹುಲುಗೇಶ ಒಂದು ಹೆಜ್ಜೆ ಮುಂದೆ ಬಂದ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ.

"ಯಾವ ಇಂಜಿನಿಯರ್?" ಎಂದಿತು ಗೋಡೆಯ ಕಡೆಯಿಂದ ಒಂದು ದನಿ.

ವಿರೂಪಮ್ಮ ಮೊಣಕಾಲು ಬಿಟ್ಟು ನೆಟ್ಟಗೆ ನಿಂತಿದ್ದಳು.

"ಇಂವ ಇಂಜಿನಿಯರ್ ಅಲ್ಲ. ಯಾವ ಕಾಲದಾಗ ಇದ್ದ? ಬಳ್ಳಾರ್ಯಾಗ ಮೇಡಂ ಒಬ್ಬಾಕಿ ಅದಾಳ, ಅಕಿ ಇಂಜಿನಿಯರ್. ಅಕಿ ಹೇಳ್ತಾಳ, ಇಂವ ಗೆರಿ ಎಳೀತಾನ."

ಅಳಿಯಂದ್ರು ಹೋಗಿ 'ಇಂವ' ಆಗಿದ್ದ. ಇಂಜಿನಿಯರ್ ಪದವಿಯೂ ಬಹುವಚನವೂ ಒಟ್ಟಿಗೇ ಕಳಚಿ ಬಿದ್ದವು. ಹುಲುಗೇಶ ತೆರೆದ ಬಾಯಿಯನ್ನು ಮುಚ್ಚಲು ಮರೆತ. ಅತ್ತೆಗೆ ಗೊತ್ತಿತ್ತೇ?

"ಹಂಗನಬ್ಯಾಡ ಬೇ ವಿರೂಪಮ್ಮ!" ಗುರುಬಸಮ್ಮ ನಿಜವಾಗಿ ನೊಂದುಕೊಂಡಳು. "ಮನಿ ಅಳಿಯನ್ನ ಹಿಂಗ ಅಂತಾರೇನು? ಎಂಥ ಇಂಜಿನಿಯರು! ಸುತ್ತ ಹಳ್ಳ್ಯಾಗ ಇಂಥವರು ಸಿಗಂಗಿಲ್ಲ. ಮುಖದ ಮ್ಯಾಲೆ ಓದಿದ ಕಳಿ ನೋಡು!"

"ಓದಿದ ಕಳಿ? ಹತ್ತನೇತ್ತಿ ಎರಡನೇ ಸಲಕ್ಕ ಪಾಸಾಗ್ಯಾನ!"

ಈ ಸಂಗತಿಯನ್ನು ಹುಲುಗೇಶ ಲೋಕದಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದ. ಅವನು ಜ್ಯೋತಿಯ ಕಡೆ ತಿರುಗಿದ. ಜ್ಯೋತಿಗೂ ಆಗ ಆಡು ನೋಡುವುದಿತ್ತು.

"ಡ್ಯಾಮ್ ಕಟ್ಟೋವಷ್ಟು ತಲಿ ಐತಿ ಅವರಿಗೆ!" ಎಂದಳು ಗುರುಬಸಮ್ಮ.

"ಕೋಳಿ ಗೂಡು ಕಟ್ಟಾಕ ಬರಂಗಿಲ್ಲ!" ವಿರೂಪಮ್ಮ ಬೇವಿನಮರದ ಕಡೆ ಕೈ ತೋರಿಸಿದಳು. "ಅಲ್ಲಿ ನೋಡು, ಅದು ನಾ ಕುಂದ್ರೋ ಸಂಡಾಸ ಅಂತ. ನಾ ಕುಂದ್ರಬೇಕೋ, ನಿನ್ನ ಕೋಳಿ ಕುಂದ್ರಬೇಕೋ? ಇದನ್ನ ಬರದಂವ ಇಂಜಿನಿಯರ್ ಅಂದ್ರ ಆ ಆನಿನೂ ನಗತೈತಿ."

ಜನರೆಲ್ಲ ಆನೆಯನ್ನು ನೋಡಿದರು. ಆನೆ ನಗುತ್ತಲೇ ಇತ್ತು, ಕಂಪನಿಯವರು ಹಾಗೇ ಬರೆದಿದ್ದರು. ಸೇರಿದ್ದವರಲ್ಲಿ ಅರ್ಧ ಜನ ವಿರೂಪಮ್ಮನ ಕಡೆಗಾದರು.

ದುರ್ಗೇಶ್ ಕೊನೆಯ ಪ್ರಯತ್ನವಾಗಿ ಮೇಡಂ ಅವರ ನಂಬರು ಕೇಳಿ, ಫೋನು ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿದ.

"ಮೇಡಂ, ನಿಮ್ಮಲ್ಲಿ ಹುಲುಗೇಶ ಅಂತ ಅದಾರಲ್ರಿ, ಅವರು ಇಂಜಿನಿಯರಾ?"

"ಅಲ್ಲ," ಎಂದರು ನೇತ್ರಾ ಮೇಡಂ. ಆಮೇಲೆ ಬಹಳ ದಣಿದ ದನಿಯಲ್ಲಿ ಕೇಳಿದರು: "ಯಾಕ್ರಿ, ಏನ್ ಮಾಡಿದ್ರು?"

"ಒಂದು ಪ್ಲಾನ್ ಬರದಾರ್ರಿ."

"ಅದರಲ್ಲಿ ನನ್ನ ಸಹಿ ಇದೆಯಾ? ಇಲ್ಲ ಅಂದ್ರೆ ಅದು ಪ್ಲಾನೇ ಅಲ್ಲ. ಅವರಿಗೆ ಫೋನ್ ಕೊಡಿ." ಹುಲುಗೇಶ ಹತ್ತಿರ ಹೋದ. "ಸಣ್ಣ ಗೆರೆ ಹಿಡಿದ್ರಾ?"

"ಹ್ಞೂಂ ಮೇಡಂ."

"ಈಗಲಾದ್ರೂ ಉದ್ದನೆ ಗೆರೆ ಹಿಡೀರಿ," ಎಂದು ಮೇಡಂ ಫೋನು ಇಟ್ಟರು.

ಆಮೇಲೆ ಇಬ್ಬರು ಟೇಪ್ ಹಿಡಿದರು. ಬೇವಿನಮರದಿಂದ ಗುರುಬಸಮ್ಮನ ಗೋಡೆಗೆ ಮೂವತ್ತು ಅಡಿ, ಹಳೆಯ ನಕ್ಷೆಯ ಹತ್ತು ಬಾಗಿಲಿಗೆ ಸರಿಯಾಗಿ ಬಂತು. ಶೇಖರ್ ತಾನೇ ಎದ್ದು ಗೂಟ ಕಿತ್ತ. ಗುರುಬಸಮ್ಮ ಆಡಿನ ಹಗ್ಗ ಹಿಡಿದು ಹೋಗುವಾಗ ಹುಲುಗೇಶನ ಮುಂದೆ ನಿಂತು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಂಗ ಮೊದಲಿಂದ ಅನುಮಾನ ಇತ್ತು. ಮುಖ ನೋಡಿದ್ರ ಗೊತ್ತಾಗತಿತ್ತಲ್ಲ!" ಎಂದಳು. ಓದಿದ ಕಳೆ ಅಲ್ಲಿಂದ ಇಳಿದು ಅಷ್ಟು ಬೇಗ ಎಲ್ಲಿಗೆ ಹೋಯಿತೋ.

ಜನ ಚದುರಿದ ಮೇಲೆ ವಿರೂಪಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದು ಅಳಿಯನ ಮುಂದಿಟ್ಟಳು. ಹುಲುಗೇಶ ತಲೆ ತಗ್ಗಿಸಿ ಒಂದು ಮಿರ್ಚಿಯನ್ನು ಬಹಳ ಹೊತ್ತು ತಿಂದ.

"ನಿಮಗ ಮೊದಲ ಗೊತ್ತಿತ್ತೇನ್ರಿ ಅತ್ತಿ?"

"ಮದುವಿ ದಿನಾನ ಗೊತ್ತಿತ್ತು. ನೀ ಸುಳ್ಳು ಹೇಳಿಲ್ಲಲ್ಲ, ಜ್ಯೋತಿ ಎಲ್ಲ ಹೇಳಿದ್ಲು." ವಿರೂಪಮ್ಮ ಎದುರಿನ ಕಟ್ಟೆಯ ಮೇಲೆ ಕಷ್ಟಪಟ್ಟು ಕೂತಳು. "ಈ ಗುರುಬಸಿ ಗ್ವಾಡಿ ಮ್ಯಾಲಿಂದ ದಿನಾ ನನ್ನ ಅಳಿಯ ಲೆಕ್ಚರರ್, ಲೆಕ್ಚರರ್ ಅಂತಿದ್ಲು. ನಿಂದು ಏನೋ ಉದ್ದನ್ನ ಹೆಸರಿನ ಕೆಲಸ, ನನ್ನ ನಾಲಿಗಿ ಹೊರಳಲಿಲ್ಲ. ಅಕಿ ಅಳಿಯನ ಅಳತಿಗೆ ನಿನ್ನ ಒಂದಿಷ್ಟು ದೊಡ್ಡವನ್ನ ಮಾಡಿದೆ. ಆಮ್ಯಾಲೆ ಊರವರು ಅದನ್ನ ಹಿಡಕೊಂಡ್ರು. ಸಣ್ಣದು ಮಾಡಾಕ ನಂಗೂ ಆಗಲಿಲ್ಲ."

ಹುಲುಗೇಶನಿಗೆ ನಾಚಿಕೆಯಾಗಿತ್ತು, ಆದರೆ ಹೆಗಲ ಮೇಲಿಂದ ಯಾರೋ ಸಿಮೆಂಟಿನ ಚೀಲ ಇಳಿಸಿಕೊಂಡ ಹಾಗೂ ಆಗಿತ್ತು. ಎದ್ದು ಎರ್ರಿಯ ಟೇಪು ತಂದ.

"ಅತ್ತಿ, ಈ ಕುರ್ಚಿ ಮ್ಯಾಲೆ ಕುಂದರ್ರಿ. ಕಾಲು ನೆಲಕ್ಕ ಇಡ್ರಿ. ನೋವಾಗದಂಗ ಎಷ್ಟು ಬಗ್ಗತೈತಿ, ಅಷ್ಟ."

ನೆಲದಿಂದ ಅವಳ ಮೊಣಕಾಲಿನವರೆಗೆ ಅಳೆದ. ಎದ್ದೇಳುವಾಗ ಅವಳ ಕೈ ಗೋಡೆಯ ಮೇಲೆ ಎಲ್ಲಿ ಊರುತ್ತದೆ ಎಂದು ನೋಡಿ, ಅಲ್ಲಿಗೂ ಅಳೆದ. ಮತ್ತೊಮ್ಮೆ ಏಳಿಸಿ, ಕೂರಿಸಿ, ಮತ್ತೊಮ್ಮೆ ಅಳೆದ. ಆ ಮನೆಯಲ್ಲಿ ಅವನು ಕುರ್ಚಿ ಬಿಟ್ಟು ಎದ್ದದ್ದು ಅವತ್ತೇ ಮೊದಲು. ವಿರೂಪಮ್ಮ ಬಯ್ಯುತ್ತಲೇ ಎದ್ದಳು, ಬಯ್ಯುತ್ತಲೇ ಕೂತಳು.

ಭತ್ತ ತೆನೆ ಹಿಡಿಯುವ ಹೊತ್ತಿಗೆ ಸಂಡಾಸು ಮುಗಿದಿತ್ತು. ಈ ಸಲದ ನಕ್ಷೆಯಲ್ಲಿ ಮೇಡಂ ಅವರ ಸಹಿ ಇತ್ತು. ಕಮೋಡು ಕಂಪನಿಯ ಅಳತೆಯಲ್ಲೇ ಇತ್ತು, ಅದರ ಕೆಳಗೆ ಕಟ್ಟಿದ ಕಟ್ಟೆ ವಿರೂಪಮ್ಮನ ಅಳತೆಯಲ್ಲಿತ್ತು, ಗೋಡೆಗೆ ಅವಳ ಕೈಗೆ ಸಿಗುವಲ್ಲಿ ಒಂದು ಹಿಡಿಕೆ ಇತ್ತು. ಪುಟ್ಟ ಕಮೋಡಿನಲ್ಲಿ ಮಣ್ಣು ತುಂಬಿ ಕೊತ್ತಂಬರಿ ಹಾಕಿದ್ದರು. ಮೊದಲ ದಿನ ವಿರೂಪಮ್ಮ ಒಳಗೆ ಹೋದಾಗ ಜ್ಯೋತಿ, ದುರುಗಣ್ಣ, ಹುಲುಗೇಶ ಮೂವರೂ ಹೊರಗೆ ಉಸಿರು ಹಿಡಿದು ನಿಂತಿದ್ದರು. ಯಾರನ್ನೂ ಕರೆಯದೆ ಅವಳು ತಾನೇ ಎದ್ದು ಬಾಗಿಲು ತೆಗೆದು ಬಂದಳು.

ಗೋಡೆಯ ಮೇಲೆ ಗುರುಬಸಮ್ಮನ ತಲೆ ಮೂಡಿತು. ಎಲ್ಲವನ್ನೂ ನೋಡಿದ್ದಳೆಂದು ಕಾಣುತ್ತದೆ.

"ಏನ್ ಬೇ ವಿರೂಪಮ್ಮ, ನಂದೂ ಎಡಗಾಲು ಬಗ್ಗವಲ್ದು. ನಿನ್ನ ಅಳಿಯನ್ನ ಟೇಪ್ ತಗೊಂಡು ಈ ಕಡಿ ಒಂದೀಟು ಕಳಸು." ಆಮೇಲೆ ತಡೆದಳು. "ಕರಿಯೋಣಂದ್ರ ಏನಂತ ಕರೀಬೇಕೋ ತಿಳೀವಲ್ದು. ಇಂಜಿನಿಯರ್ ಅಂತೂ ಅನ್ನಂಗಿಲ್ಲ."

ವಿರೂಪಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಳಿಯನ ಕಡೆ ಒಮ್ಮೆ ನೋಡಿದಳು.

"ಹುಲುಗೇಶ ಅಂತ ಕರಿ," ಎಂದಳು. "ಅಂವ ಅಷ್ಟ ಅದಾನ. ನಮಗ ಅಷ್ಟ ಸಾಕು."

ಹುಲುಗೇಶ ಟೇಪು ಕಿಸೆಗೆ ಹಾಕಿಕೊಂಡು ಗುರುಬಸಮ್ಮನ ಮನೆಗೆ ಹೊರಟ.